ಅಜ್ಜಿಯ ವಿಮಾನ ತಡೆದ ಚೂಟಿ

"ಅಲ್ಲಿಲ್ಲ! ಅಲ್ಲಿಲ್ಲ!" ಅಜ್ಜಿ ಬಚ್ಚಲಮನೆಯಿಂದ ಕೂಗಿದರು.

ಮಾವ ಓಡಿ ಬಂದರು. "ಎಲ್ಲಿಲ್ಲಮ್ಮ? ಏನಿಲ್ಲ?"

"ಅಲ್ಲು ಕಣೋ! ನನ್ನ ಅಲ್ಲು!"

ಅಜ್ಜಿಯ ಹಲ್ಲುಸೆಟ್ಟು ನಾಪತ್ತೆ! ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿ ಬೇರೆ ಬರುವ ಹೊತ್ತು. ಅಮ್ಮ ಮಂಚದಡಿ ತೂರಿದಳು. ಮಾವ ಫ್ರಿಜ್ಜಿನ ಹಿಂದೆ ತಡಕಾಡಿದರು. ಚೂಟಿಯೂ ಹುಡುಕಿದಳು, ಹಲ್ಲು ಇಲ್ಲದ ಕಡೆಯೆಲ್ಲ. ಅದು ಇದ್ದದ್ದು ಅವಳ ಕಂಪಾಸ್ ಬಾಕ್ಸಿನಲ್ಲಿ.

ನಿನ್ನೆ ಟೀಚರ್ ಹೇಳಿದ್ದರು: "ವಿಮಾನಗಳ ಹೊಗೆಯಿಂದ ಭೂಮಿಯ ಬಿಸಿ ಏರ್ತಿದೆ. ಹಾರಾಟ ಕಡಿಮೆ ಆಗ್ಬೇಕು. ನಿಮ್ಮ ಮನೆಯಿಂದ್ಲೇ ಶುರುವಾಗ್ಲಿ."

ಚೂಟಿ ಶುರು ಮಾಡಿಯೇಬಿಟ್ಟಿದ್ದಳು. ಹಲ್ಲಿಲ್ಲದೆ ಅಜ್ಜಿ ಬೀದಿಬಾಗಿಲನ್ನೂ ದಾಟುವವರಲ್ಲ. ಇನ್ನು ಸಮುದ್ರ ದಾಟುತ್ತಾರೆಯೇ?

"ಹೋಗ್ಲಿ ಬಿಡಮ್ಮ, ಮುಂದಿನ ವರ್ಷ ಹೋದ್ರಾಯ್ತು," ಎಂದರು ಮಾವ. "ವಿಮಾನ ಏನು ಮಹಾ? ನಾನು ವಾರ ವಾರ ಹಾರ್ತೀನಿ. ಮೊನ್ನೆ ಮೀಟಿಂಗಿನಲ್ಲಿ ಕಾಫಿ ಆರೋದ್ರೊಳಗೆ ಮಾತು ಮುಗೀತು. ವಾಪಸ್ ಹಾರಿ ಬಂದೆ."

ಅಜ್ಜಿ ಮಂಚದ ಮೇಲೆ ಕೂತುಬಿಟ್ಟರು. ತಂಗಿಗೆಂದು ತಾವೇ ಹೆಣೆದ ಸ್ವೆಟರ್ ಮಡಿಲಲ್ಲಿತ್ತು. ಆ ತಂಗಿ ಮದುವೆಯಾಗಿ ಸಮುದ್ರದಾಚೆ ಹೋದಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಜ್ಜಿ ವಿಮಾನ ಹತ್ತುವುದೂ ಇದೇ ಮೊದಲು.

"ಮುಂದಿನ ವರ್ಷಕ್ಕೆ ಅವಳು ಇರ್ಬೇಕಲ್ಲೋ," ಎಂದರು ಅಜ್ಜಿ, ಮೆಲ್ಲಗೆ.

ಚೂಟಿ ಆ ಸ್ವೆಟರನ್ನೊಮ್ಮೆ ನೋಡಿದಳು. ಎದ್ದುಹೋಗಿ ಕಂಪಾಸ್ ಬಾಕ್ಸ್ ತಂದು ಅಜ್ಜಿಯ ಮುಂದೆ ತೆರೆದಳು. ರಬ್ಬರಿನ ಪಕ್ಕದಲ್ಲಿ ಹಲ್ಲು ಕಿಸಿಯುತ್ತಿತ್ತು!

"ಅಯ್ಯೋ ಕಳ್ಳಿ!" ಅಮ್ಮ ಕೈಯೆತ್ತಿದಳು.

"ವಿಮಾನ ನಿಲ್ಸೋಕೆ ತಗೊಂಡೆ... ಹೊಗೆ ಬರತ್ತಲ್ಲ..."

ಅಜ್ಜಿ ಅಮ್ಮನ ಕೈ ಹಿಡಿದರು. ಹಲ್ಲು ತೊಳೆದು ಹಾಕಿಕೊಂಡು ಚಪ್ಪರಿಸಿದರು. "ಪೆನ್ಸಿಲ್ ರುಚಿ ಇನ್ನೂ ಹೋಗಿಲ್ಲ ಕಣೇ!"

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅಜ್ಜಿ ಚೂಟಿಯ ಕೆನ್ನೆ ಹಿಂಡಿ, ಅಮ್ಮನ ಜೊತೆ ಸರಸರ ಹೊರಟೇಬಿಟ್ಟರು.

ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಇದ್ದರು. "ಭಲೇ! ಹಲ್ಲು ಕದ್ದು ವಿಮಾನ ನಿಲ್ಲಿಸ್ತಾಳಂತೆ!"

"ಮಾವ, ಆ ಕಾಫಿ ಮೀಟಿಂಗು ಫೋನಲ್ಲಿ ಆಗ್ತಿರ್ಲಿಲ್ವಾ?"

"ಆಗ್ತಿತ್ತು... ಅಂದ್ರೆ... ಅದು ಹಾಗಲ್ಲ..."

ನಗು ನಿಂತಿತು. ಮಾವ ಟೈ ಸರಿಮಾಡಿಕೊಳ್ಳತೊಡಗಿದರು. ಅದು ಸರಿಯಾಗಿಯೇ ಇತ್ತು.

ಚೂಟಿ ಅವರನ್ನೇ ನೋಡುತ್ತ ನಿಂತಳು. ತಾನು ಕೈ ಹಾಕಿದ್ದು ತಪ್ಪು ಬಾಯಿಗೆ ಅಂತ ಅವಳಿಗೆ ಆಗ ಗೊತ್ತಾಯಿತು.