ಏಳಕ್ಕೆ ಏಳು

ಟಕ್.

ರಾತ್ರಿ ಹನ್ನೊಂದರ ಮೇಲೆ ಮಗ್ಗುಲು ಬದಲಿಸಿದಾಗ ಸಹನಳ ಎಡ ಮೊಣಕಾಲು ಮಾಡಿದ ಸದ್ದು ಅದು. ಪಕ್ಕದಲ್ಲಿ ಮಲಗಿದ್ದ ಅಮ್ಮ ವೆಂಕಟರತ್ನಮ್ಮನಿಗೂ ಕೇಳಿಸಿತು.

"ನಾಳೆ ಅವನ ಮುಖ ನೋಡ್ಬೇಕಲ್ಲ, ಅದಕ್ಕೇ ನಿದ್ದೆ ಬತ್ತಿಲ್ಲ ನಿಂಗೆ."

ಸಹನ ಹೊದಿಕೆ ಮೇಲೆಳೆದುಕೊಂಡಳು. ಮುಖ ನೋಡುವುದಷ್ಟೇ ಅಲ್ಲ... ಅವನು ತನ್ನ ಕೈಯಾರೆ ಸೋಲುವಂತೆ ಮಾಡಬೇಕು.

ಅವನು ವೆಂಕಿ. ಗಣಿ ಊರು ಕೋರಮಂಡಲ್‌ನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್. ಕಳೆದ ವರ್ಷದವರೆಗೆ ಅವಳಿಗೂ ಕೋಚ್. ಫೈನಲ್ ಮುಗಿದ ಮೇಲೆ ಮನೆಗೆ ಬಂದು ಮದುವೆಯ ಮಾತಾಡುತ್ತೇನೆ ಎಂದಿದ್ದವನು.

ಎಂಟು ತಂಡಗಳ ಲೀಗ್ ಅದು. ಪ್ರತಿ ತಂಡಕ್ಕೆ ಏಳು ಪಂದ್ಯ. ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್. ಅಲ್ಲಿಂದ ಮುಂದೆ ಹಳೆಯ ಗೆಲುವುಗಳು ಲೆಕ್ಕಕ್ಕಿಲ್ಲ. ಕಳೆದ ವರ್ಷ ಕೋರಮಂಡಲ್ ಆರಕ್ಕೆ ಆರು ಗೆದ್ದಾಗಿತ್ತು. ಏಳನೆಯದು ಸೋತರೂ ನಷ್ಟವಿರಲಿಲ್ಲ. ಆದರೆ 'ಏಳಕ್ಕೆ ಏಳು' ಎಂಬ ಹುಚ್ಚು ಗಣಿ ಕಾರ್ಮಿಕರ ಲೈನ್ ಮನೆಗಳಿಗೆಲ್ಲ ಹತ್ತಿತ್ತು. ಆ ಪಂದ್ಯದಲ್ಲಿ ವೆಂಕಿ ಅವಳನ್ನು ಒಂದು ನಿಮಿಷವೂ ಹೊರಗೆ ಕೂರಿಸಲಿಲ್ಲ.

ಕೊನೆಯ ಓಟದಲ್ಲಿ, ಮೊದಲೇ ನೋಯುತ್ತಿದ್ದ ಮೊಣಕಾಲು ತಿರುಚಿತು. ಏಳಕ್ಕೆ ಏಳು ಆಯಿತು. ಅವಳಿಲ್ಲದ ತಂಡ ಸೆಮಿಫೈನಲ್‌ನಲ್ಲಿ ಸೋತುಹೋಯಿತು.

ಆಪರೇಷನ್ ಆದ ಮೇಲೆ ಅವನು ಒಂದು ದಿನವೂ ನೋಡಲು ಬರಲಿಲ್ಲ.

ಈಗ ಅವಳು ಬಂಗಾರಪೇಟೆ ತಂಡದ ಕೋಚ್. ಎರಡೂ ತಂಡಗಳಿಗೆ ಸೆಮಿ ಖಚಿತವಾಗಿತ್ತು. ಕೋರಮಂಡಲ್ ಮತ್ತೆ ಆರಕ್ಕೆ ಆರು. ಏಳನೆಯ ಪಂದ್ಯ ಅವಳೆದುರು.

ಮರುದಿನ ಸಂಜೆ, ಸ್ಕೋರರ್ ಮೇಜಿನ ಬಳಿ ಇಬ್ಬರೂ ಎದುರಾದರು. ವರ್ಷದ ಮೇಲೆ ಮೊದಲ ಸಲ. ಅವನ ಕಣ್ಣು ಮೊದಲು ಹೋದದ್ದು ಅವಳ ಮೊಣಕಾಲಿಗೆ.

"ಕಾಲು ಎಂಗೈತೆ?"

"ನನ್ನ ಕಾಲು ಈಗ ಕಾಣಿಸ್ತಾ, ಸರ್?"

'ಸರ್' ಎಂದದ್ದಕ್ಕೆ ಅವನ ಮುಖ ಬಾಡಿತು. ಬಾಡಲಿ... ಎಂದುಕೊಂಡಳು. ಆಮೇಲೆ ಕೋರಮಂಡಲ್ ಕಡೆಯವರಿಗೆಲ್ಲ ಕೇಳುವಂತೆ, ಈ ಸಲ ಏಳಕ್ಕೆ ಏಳು ಆಗುವುದಿಲ್ಲ, ನಮ್ಮ ಎರಡನೇ ಸಾಲಿನ ಹುಡುಗಿಯರೇ ಸಾಕು ಎಂದಳು.

ಅದೇ ಅವಳ ಗಾಳ. ತನ್ನ ಒಳ್ಳೆಯ ಆಟಗಾರ್ತಿ ಲಿಖಿತಳನ್ನು ಫೈನಲ್‌ಗೆಂದು ಉಳಿಸಿಕೊಂಡು ಹೊರಗೆ ಕೂರಿಸಿದಳು. ಉಳಿದವರನ್ನು ಸರದಿಯಲ್ಲಿ ಇಳಿಸಿ ಓಡಿಸುತ್ತಲೇ ಇದ್ದಳು. ಅಂತರ ಮೂರು ನಾಲ್ಕು ಪಾಯಿಂಟ್ ದಾಟದ ಕಾರಣ, ವೆಂಕಿ ತನ್ನ ಮುಖ್ಯ ಆಟಗಾರ್ತಿ ಮಧುಶ್ರೀಯನ್ನು ಕೂರಿಸುವಂತಿರಲಿಲ್ಲ. ದಣಿಯಲಿ. ಫೈನಲ್ ಹೊತ್ತಿಗೆ ಅವಳ ಕಾಲಲ್ಲಿ ಓಟವೇ ಉಳಿಯದಿರಲಿ.

ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಮಧುಶ್ರೀ ಬಗ್ಗಿ ಶೂ ಲೇಸು ಕಟ್ಟಿದಳು.

ಲೇಸು ಬಿಚ್ಚಿರಲಿಲ್ಲ.

ಸಹನ ಬೆಂಚಿನಿಂದ ಎದ್ದು ನಿಂತಳು. ಹೋದ ವರ್ಷ ಇದೇ ಅಂಕಣದಲ್ಲಿ ತಾನೂ ಮೂರು ಸಲ ಹಾಗೇ ಬಗ್ಗಿದ್ದಳು. ಮೊಣಕಾಲಿನ ನೋವು ಇಳಿಯುವವರೆಗೆ ಯಾರಿಗೂ ಮುಖ ಕಾಣದಿರಲೆಂದು.

ಇನ್ನು ಹತ್ತೇ ನಿಮಿಷ. ಸುಮ್ಮನಿದ್ದರೆ ಸಾಕು... ಅವನ ತಂಡ ಅವನ ಕಣ್ಣೆದುರೇ ಮುರಿಯುತ್ತದೆ. ಇದಕ್ಕಾಗಿಯೇ ಒಂದು ವರ್ಷ ಕಾದಿದ್ದಲ್ಲವೇ?

ಹುಡುಗಿಗೆ ಹತ್ತೊಂಬತ್ತು ವರ್ಷ.

ವಿರಾಮದಲ್ಲಿ ಫೌಲ್ ಲೆಕ್ಕ ನೋಡಲು ಇಬ್ಬರು ಕೋಚ್‌ಗಳೂ ಮೇಜಿಗೆ ಬಂದರು. ಸಹನ ಹಾಳೆಯ ಮೇಲಿಂದ ಕಣ್ಣೆತ್ತದೆ ಮೆಲ್ಲಗೆ ಹೇಳಿದಳು.

"ಮಧುಶ್ರೀನ ಕೂರಿಸಿ. ಅವಳ ಲೇಸು ಬಿಚ್ಚಿರಲಿಲ್ಲ."

ಅವನು ತನ್ನ ಬೆಂಚಿನತ್ತ ತಿರುಗಿದ. ಹೋಗಿ ಮಧುಶ್ರೀಯ ಭುಜಕ್ಕೆ ಟವೆಲ್ ಹೊದಿಸಿ ಕೂರಿಸಿದ. ಕೋರಮಂಡಲ್ ಆರು ಪಾಯಿಂಟ್‌ಗಳಿಂದ ಸೋತಿತು. ಪಂದ್ಯವನ್ನು ಬಂಗಾರಪೇಟೆಗೆ ಮಾರಿಕೊಂಡ ಎಂದು ಅವನ ಕಡೆಯವರೇ ಬೈದುಕೊಂಡು ಹೋದರು.

ಜನ ಕರಗಿದ ಮೇಲೆ ಅವನು ಬಂದ.

"ಓದ ವರ್ಷ ನೀನು ಬಗ್ಗಿದ್ದನ್ನ ನಾನು ನೋಡ್ದೆ, ಸಹನ."

ಅವಳು ತಲೆಯೆತ್ತಿದಳು. "ನೋಡಿಯೂ ಆಡಿಸಿದ್ರಾ?"

"ಇದೊಂದು ಗೆದ್ದುಬಿಡೋಣ ಅಂದ್ಕೊಂಡೆ. ಆಮೇಲೆ ಯಾವ ಮುಖ ಇಟ್ಕೊಂಡು ಆಸ್ಪತ್ರೆಗೆ ಬರ್ಲಿ?"

ಅವನಿಗೆ ತಾನು ಬೇಕಿರಲಿಲ್ಲ, ಅದಕ್ಕೇ ಬರಲಿಲ್ಲ ಎಂದು ವರ್ಷವಿಡೀ ನಂಬಿದ್ದಳು. ನಾಚಿಕೆ ಅವನನ್ನು ತಡೆದಿತ್ತು. ಆದರೂ ಸಿಟ್ಟು ಇಳಿಯಲಿಲ್ಲ, ಇನ್ನೂ ಉರಿಯಿತು.

"ಫೈನಲ್‌ನಲ್ಲಿ ನಿಮ್ಮನ್ನ ಸೋಲಿಸ್ತೀನಿ. ಮಾತು ಆಮೇಲೆ."

ಎರಡು ವಾರ ಕಳೆದು ಫೈನಲ್‌ನಲ್ಲಿ ಅವೆರಡೇ ತಂಡಗಳು ಉಳಿದವು. ವೆಂಕಿ ಸೆಮಿಯಲ್ಲೂ ಮಧುಶ್ರೀಯನ್ನು ಇಳಿಸಿರಲಿಲ್ಲ. ಡಾಕ್ಟರು ಆಡಬಹುದು ಎಂದ ಮೇಲೆ, ಫೈನಲ್‌ನ ಕೊನೆಯ ಐದು ನಿಮಿಷಕ್ಕಷ್ಟೇ ಇಳಿಸಿದ. ಕೊನೆಯ ಬ್ಯಾಸ್ಕೆಟ್ ಅವಳದೇ.

ಬಂಗಾರಪೇಟೆ ಒಂದೇ ಒಂದು ಪಾಯಿಂಟ್‌ನಿಂದ ಸೋತಿತು.

ಕಪ್ಪನ್ನು ಹುಡುಗಿಯರ ಕೈಗೆ ಕೊಟ್ಟು ವೆಂಕಿ ಬರಿಗೈಯಲ್ಲಿ ಬಂದು ನಿಂತ.

"ಫೈನಲ್ ಮುಗೀತು. ಅಮ್ಮನ ಹತ್ರ ಮಾತಾಡೋಕೆ... ಒಂದು ವರ್ಷ ತಡವಾಗೋಯ್ತು. ಬರ್ಲಾ?"

ಅವಳು ಬೆಂಚಿನ ಮೇಲಿದ್ದ ತನ್ನ ಚೀಲವನ್ನು ಹೆಗಲಿಗೇರಿಸಿದಳು.

"ಭಾನುವಾರ ಬಾ, ವೆಂಕಿ. ಅಮ್ಮ ಬಯ್ತಾರೆ, ಬೈಸ್ಕೋ. ಮುಂದಿನ ವರ್ಷ ನಾನಂತೂ ಬಿಡಲ್ಲ ನಿನ್ನ."

"ಬಿಡ್ಬೇಡ," ಎಂದ. ಅವನ ಕಣ್ಣು ತುಂಬಿತ್ತು.

ಬಂಗಾರಪೇಟೆಯ ಬಸ್ಸಿನಲ್ಲಿ ಲಿಖಿತ ಅವಳ ಪಕ್ಕ ಕೂತು ಅಳುತ್ತಿದ್ದಳು.

"ಅವತ್ತು ಲೀಗಲ್ಲಿ ಆ ಮಧುಶ್ರೀನ ಆಡಿಸ್ತಾನೇ ಇದ್ದಿದ್ರೆ ಇವತ್ತು ಕಪ್ ನಮ್ದೇ ಅಕ್ಕ. ಕೂರಿಸು ಅಂತ ಅವರಿಗೆ ಯಾರು ಹೇಳಿಕೊಟ್ರೋ..."

ಸಹನ ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಬಸ್ಸು ತಿರುವಿನಲ್ಲಿ ಕುಲುಕಿದಾಗ ಎಡ ಮೊಣಕಾಲು ಟಕ್ ಎಂದಿತು.

ಅದು ತಾನೇ ಎಂದು ಹೇಳುವುದಿಲ್ಲ, ಎಂದು ನಿರ್ಧರಿಸಿದಳು. ಲಿಖಿತಳಿಗೂ ಇಲ್ಲ, ಅಮ್ಮನಿಗೂ ಇಲ್ಲ. ಯಾರಿಗೂ ಇಲ್ಲ.