ಪಕ್ಕದ ಕೋಣೆಯ ಕೆಮ್ಮು

ತುಮಕೂರಿನ ಮರಳೂರಿನಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವರ ಮನೆಯವರಿಗೂ ಧೈರ್ಯ ಹೇಳುವುದು ನನ್ನ ಕೆಲಸ. ರೋಗಿಗಳಿಗೊಂದು ಕೋಣೆ, ಮನೆಯವರಿಗೆ ಪಕ್ಕದ್ದು. ಗುಟ್ಟುಗಳು ಬೆರೆಯಬಾರದೆಂದು ನಡುವೆ ಗೋಡೆ.

ಗುಬ್ಬಿಯ ಸಿದ್ದಲಕ್ಷ್ಮಮ್ಮ ಗಂಡ ಆಂಜನಪ್ಪನವರಿಗೆ ಬರೀ ಗ್ಯಾಸ್ಟ್ರಿಕ್ ಎಂದೇ ಹೇಳಿಕೊಂಡು ಬಂದಿದ್ದರು. ನಮ್ಮ ಕಡೆ ಎಲ್ಲ ಕಾಯಿಲೆಗೂ ಅದೇ ಮರ್ಯಾದೆಯ ಹೆಸರು. ಆಚೆ ಕೋಣೆಯಲ್ಲಿ ಆಂಜನಪ್ಪ ಮೂರು ಸಲ ಕೆಮ್ಮಿ, ನಕ್ಕು, "ನಂಗೆಲ್ಲಾ ಗೊತ್ತು ಸಾರ್. ಅವ್ಳಿಗೆ ಹೇಳ್ಬುಟ್ಟೀರ ಮತ್ತೆ! ಪಾಪ, ಎಷ್ಟ್ ಚೆನ್ನಾಗಿ ಸುಳ್ಳು ಹೇಳ್ತಾವ್ಳೆ" ಎಂದಿದ್ದರು. ಹೇಳುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ.

ಅವರು ತೀರಿಕೊಂಡ ತಿಂಗಳಿಗೆ ಆಕೆ ಒಬ್ಬರೇ ಬಂದರು. "ಸಾಯೋಗಂಟ ಮೋಸ ಮಾಡ್ಬುಟ್ಟೆ ಸಾರ್" ಎಂದು ಅತ್ತರು. ಮಧ್ಯಾಹ್ನದ ಸೆಕೆಯಲ್ಲೂ ನಡುವಿನ ಗೋಡೆ ನೀರಿನ ಮಡಕೆಯಂತೆ ತಣ್ಣಗಿತ್ತು. ಕೊಟ್ಟ ಮಾತು ಮುರಿದೇಬಿಡೋಣವೆಂದು, "ಅಮ್ಮಾ, ಅವರಿಗೆ..." ಎಂದೆ.

ಪಕ್ಕದ ಕೋಣೆಯಲ್ಲಿ ಯಾರೋ ಮೂರು ಸಲ ಕೆಮ್ಮಿದರು.

ಸಿದ್ದಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಗೋಡೆಯತ್ತ ತಿರುಗಿದರು. "ಗ್ಯಾಸ್ಟ್ರಿಕ್ ಕಣ್ರೀ, ವಾಸಿಯಾಯ್ತದೆ, ಸುಮ್ಕಿರಿ" ಎಂದರು, ಮನೆಯಲ್ಲಿ ಹೇಳುವ ಹಾಗೆ.

ಕೆಮ್ಮು ನಿಂತಿತು. ನಾನು ಮಾತು ಮುಗಿಸಲಿಲ್ಲ. ಆ ಕೋಣೆಯ ಬೀಗದ ಕೈ ಬೆಳಗ್ಗಿನಿಂದ ನನ್ನ ಜೇಬಿನಲ್ಲೇ ಇತ್ತು.