ಮಾತಿನ ಮಲ್ಲ

ಅವನ ಅಂಗಿಗಳೆಲ್ಲ ಕಂದು ಬಣ್ಣದವು. ಕಂದು ಅವನಿಗೆ ಇಷ್ಟವೇನಲ್ಲ. ಯಾವತ್ತೋ ಬಟ್ಟೆ ಅಂಗಡಿಯಲ್ಲಿ ‘ನೀಲಿ’ ಎನ್ನಲು ಹೋಗಿ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಅಂಗಡಿಯ ಪುಣ್ಯಾತ್ಮ ಕಾಯಲಾರದೆ, “ಕಂದು ತಾನೆ ಸಾರ್? ನಿಮಗೇ ಹೇಳಿ ಮಾಡಿಸಿದ ಹಾಗಿದೆ” ಎಂದುಬಿಟ್ಟ. ಇವನು ತಲೆಯಾಡಿಸಿದ. ಮೈದುನನಿಗೆ ಕಂದು ಎಂದರೆ ಪ್ರಾಣ ಎಂದುಕೊಂಡ ಅತ್ತಿಗೆ ಅಲ್ಲಿಂದೀಚೆಗೆ ತಂದದ್ದೆಲ್ಲ ಅದೇ ಬಣ್ಣ.

ಚಿಕ್ಕಂದಿನಿಂದಲೂ ಹಾಗೇ. ಕೆಲವರು ಉಗ್ಗಿದರೆ ಒಂದೇ ಅಕ್ಷರ ಹತ್ತು ಸಲ ಬರುತ್ತದೆ. ಇವನಿಗೆ ಒಂದು ಸಲವೂ ಬರುವುದಿಲ್ಲ. ಬಾಯಿಗೆ ಬೀಗ ಬೀಳುತ್ತದೆ, ಕಣ್ಣು ಗೋಡೆಯ ಕಡೆ ತಿರುಗುತ್ತದೆ, ಕತ್ತಿನ ನರ ಉಬ್ಬುತ್ತದೆ. ಎದುರಿಗಿದ್ದವರು ಪಾಪ ಎಂದು ಯಾವುದೋ ಒಂದು ಮಾತನ್ನು ಎತ್ತಿಕೊಡುತ್ತಾರೆ. ಅದು ತನ್ನ ಮಾತಲ್ಲದಿದ್ದರೂ ಇವನು ತಲೆಯಾಡಿಸುತ್ತಾನೆ. ಆಡಿಸಿದ ಕೂಡಲೇ ಗಂಟಲು ಸಡಿಲವಾಗುತ್ತದೆ, ಎಲ್ಲರಿಗೂ ಹಾಯೆನಿಸುತ್ತದೆ.

ಒಬ್ಬನೇ ಇದ್ದರೆ ಮಾತ್ರ ಮಾತು ಅಷ್ಟಾಗಿ ಕಾಡುತ್ತಿರಲಿಲ್ಲ. ಅದಕ್ಕೇ ಇರಬೇಕು, ಲಿಫ್ಟ್ ಪರೀಕ್ಷಕನ ಕೆಲಸ ಅವನಿಗೆ ಒಗ್ಗಿತು. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ಓಡಾಡುವ ಬಾವಿಯಂಥ ಜಾಗಕ್ಕೆ ಇಳಿದು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗ್ರೀಸು ಮೆತ್ತಿದ ಹಗ್ಗ ಹಿಡಿದು ನೋಡಬೇಕು. ಬರೆದುಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಅದಕ್ಕೆಂದೇ ಕಂಪನಿಯವರು ಅಂಗೈಯಗಲದ ಒಂದು ಟೇಪ್ ರೆಕಾರ್ಡರ್ ಕೊಟ್ಟರು. ಮಾತು ಕೇಳಿಸಿದರೆ ಅದು ತಾನಾಗಿ ಓಡುತ್ತದೆ, ಮಾತು ನಿಂತರೆ ತಾನೂ ನಿಲ್ಲುತ್ತದೆ.

ಆ ನಿಲ್ಲುವ ಗುಣವೇ ಅವನ ಬದುಕಿಗೆ ಬೆಂಕಿ ಹಚ್ಚಿದ್ದು. ಒಬ್ಬನೇ ಇದ್ದಾಗಲೂ ಅಲ್ಲಲ್ಲಿ ಮಾತು ಸಿಕ್ಕಿಕೊಳ್ಳುವುದಿತ್ತಲ್ಲ, ಅಲ್ಲೆಲ್ಲ ಯಂತ್ರವೂ ನಿಂತು ಕಾಯುತ್ತಿತ್ತು. ಇವನ ಬಾಯಿ ಬಿಡಿಸಿಕೊಂಡಾಗ ಅದೂ ಹೊರಡುತ್ತಿತ್ತು. ಹೀಗಾಗಿ ಕ್ಯಾಸೆಟ್ಟಿನಲ್ಲಿ ಎಲ್ಲೂ ತಡೆಯಿಲ್ಲ, ಅವನ ಮಾತು ನೀರು ಹರಿದ ಹಾಗೆ ಹರಿಯುತ್ತಿತ್ತು. ಮೊದಲ ಸಲ ಹಾಕಿ ಕೇಳಿದಾಗ, ಇಷ್ಟು ಚೆನ್ನಾಗಿ ಮಾತಾಡುವವನು ಯಾರಪ್ಪಾ ಎಂದು ಅವನೇ ಬೆರಗಾದ.

ಆ ಕ್ಯಾಸೆಟ್ಟುಗಳು ಇನ್ನೊಂದು ಊರಿನ ದೊಡ್ಡ ಆಫೀಸಿಗೆ ಹೋಗುತ್ತಿದ್ದವು. ಅಲ್ಲಿ ಒಬ್ಬಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರಿಪೋರ್ಟ್ ಟೈಪ್ ಮಾಡಿ, ಕ್ಯಾಸೆಟ್ಟನ್ನು ವಾಪಸು ಕಳಿಸುತ್ತಿದ್ದಳು. ಒಂದು ಸಲ ಹಾಗೆ ಬಂದ ಕ್ಯಾಸೆಟ್ಟಿನ ಕೊನೆಯಲ್ಲಿ ಅವಳ ಧ್ವನಿಯೇ ಇತ್ತು.

“ಲಿಫ್ಟ್ ಸಾಹೇಬರೇ, ನಾನು ನಿಮ್ಮ ಟೈಪಿಸ್ಟು. ನೀವು ಕಂಬಳಿ ಹೊದ್ಕೊಂಡು ಮಾತಾಡಿದ ಹಾಗೆ ಕೇಳಿಸ್ತಿದೆ. ರೆಕಾರ್ಡರಿನ ಹೆಡ್ ಮೇಲೆ, ಅದೇ ಟೇಪು ತಾಗೋ ಜಾಗದಲ್ಲಿ, ಕೊಳೆ ಕೂತಿರುತ್ತೆ. ಹತ್ತೀನ ಸ್ಪಿರಿಟ್‌ನಲ್ಲಿ ಅದ್ದಿ ಮೆಲ್ಲಗೆ ಒರೆಸಿ. ಮೆಲ್ಲಗೆ ಅಂದೆ, ಪಾತ್ರೆ ತಿಕ್ಕಿದ ಹಾಗಲ್ಲ.”

ಮೆಲ್ಲಗೆ ಒರೆಸಿದ. ಮುಂದಿನ ವಾರ ಇನ್ನೊಂದು ಬುದ್ಧಿಮಾತು ಬಂತು.

“ಜೇಬಲ್ಲಿ ಇಟ್ಕೊಂಡು ಓಡಾಡ್ಬೇಡಿ. ಬಟ್ಟೆ ಉಜ್ಜಿದ್ರೂ ಅದಕ್ಕೆ ಮಾತೇ. ಅರ್ಧ ಕ್ಯಾಸೆಟ್ ನಿಮ್ಮ ಅಂಗೀನೇ ಮಾತಾಡಿದೆ. ಆಮೇಲೆ ಅದು ನಿದ್ದೆಯಿಂದ ಏಳೋದ್ರೊಳಗೆ ಮೊದಲ್ನೇ ಮಾತನ್ನ ನುಂಗಿಬಿಡುತ್ತೆ. ಯಾವ್ದಾದ್ರೂ ಕೆಲಸಕ್ಕೆ ಬಾರದ ಮಾತನ್ನ ಮುಂದೆ ಹಾಕಿ.”

ಇವನು ಲಿಫ್ಟಿನ ತಲೆಯ ಮೇಲೆ ಕೂತು ಒಬ್ಬನೇ ನಕ್ಕ. ಜನ್ಮವೆಲ್ಲ ಮೊದಲನೇ ಮಾತಿಗಾಗಿ ಬೆವರು ಸುರಿಸಿದ್ದಾನೆ, ಅದು ಬೇಡವೇ ಬೇಡ ಎನ್ನುವ ಯಂತ್ರ ಈಗ ಸಿಕ್ಕಿದೆ.

ಅಲ್ಲಿಂದ ಪ್ರತಿ ರಿಪೋರ್ಟಿನ ಬಾಲಕ್ಕೆ ಇವನು ಅವಳಿಗೆಂದು ಒಂದಿಷ್ಟು ಮಾತು ಕಟ್ಟಿ ಕಳಿಸತೊಡಗಿದ. ಮೋಟಾರ್ ಕೋಣೆಯಲ್ಲಿ ಗೂಡು ಕಟ್ಟಿದ ಪಾರಿವಾಳದ ಜಂಬ, ಜೊತೆಗೆ ಯಾರಾದರೂ ಸಿಗಲಿ ಎಂದೇ ಸುಮ್ಮನೆ ಮೇಲೆ ಕೆಳಗೆ ಓಡಾಡುವ ಮೇಲ್ಮಹಡಿಯ ಅಜ್ಜಿ, ಲಿಫ್ಟಿನ ಕನ್ನಡಿ ನೋಡಿ ಅಳುವುದನ್ನು ಅಭ್ಯಾಸ ಮಾಡುವ ನಟಿ.

“ಅಬ್ಬಾ, ಮಾತಿನ ಮಲ್ಲ ನೀವು!” ಎಂದಿತು ಅವಳ ಧ್ವನಿ. “ನಮ್ಮ ಮನೇಲಿ ನಾನೇ ವಾಚಾಳಿ ಅಂತಾರೆ. ನಿಮ್ಮ ಮುಂದೆ ನಾನು ಬಾಯಿಲ್ಲದೋಳು. ಒಂದಿನ ಫೋನ್ ಮಾಡ್ಬಾರ್ದಾ?”

ಫೋನು! ಅದು ಗಂಟೆ ಬಾರಿಸಿದರೆ ಬಚ್ಚಲುಮನೆಗೆ ಓಡುವ ಮನುಷ್ಯ ಅವನು. ನಮ್ಮ ಕಡೆ ಲೈನೇ ಸರಿಯಿಲ್ಲ ಎಂದು ಕ್ಯಾಸೆಟ್ಟಿನಲ್ಲಿ ಸುಳ್ಳು ಹೇಳಿದ, ಅದೂ ಎಲ್ಲೂ ತಡವರಿಸದೆ.

ಅವಳ ಧ್ವನಿ ಅವನಿಗೆ ಬಾಯಿಪಾಠವಾಯಿತು. ನಗು ಅರ್ಧಕ್ಕೇ ನಿಂತು ಮತ್ತೆ ಶುರುವಾಗುವ ಬಗೆ, ಗುಟ್ಟು ಹೇಳುವಾಗ ಮೈಕಿಗೆ ತೀರಾ ಹತ್ತಿರ ಬರುವ ಉಸಿರು. ಆ ಉಸಿರು ಬಂದಾಗ ಇವನು ಕತ್ತಲ ಬಾವಿಯಲ್ಲಿ ಒಬ್ಬನೇ ಕೆಂಪಾಗುತ್ತಿದ್ದ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದರೆ ಮೊದಲ ಕೆಲಸ ಆ ರೆಕಾರ್ಡರಿನ ಸೇವೆ. ಹೆಡ್ ಒರೆಸುವುದು, ಪುಟ್ಟ ರಬ್ಬರ್ ಉರುಳೆಗೆ ಅಂಟಿದ ಧೂಳು ತೆಗೆಯುವುದು, ಸೆಲ್ಲುಗಳನ್ನು ಬಿಚ್ಚಿಡುವುದು. ಅತ್ತಿಗೆ ಬಾಗಿಲಲ್ಲಿ ನಿಂತು, “ಮಗೂಗೆ ಮುಖ ತೊಳೆಸಿದ ಹಾಗೆ ತೊಳೆಸ್ತೀಯಲ್ಲೋ! ಅದೇನು ನಿನ್ನ…” ಎಂದು ತಮಾಷೆ ಮಾಡಲು ಹೋಗಿ, ಅವನ ಮುಖ ನೋಡಿ ಸುಮ್ಮನಾದಳು. ಹೆಂಗಸರಿಗೆ ಇಂಥದ್ದು ಬೇಗ ತಿಳಿಯುತ್ತದೆ.

ಆ ಟೈಪಿಸ್ಟ್ ಹುಡುಗಿ ಪ್ರೀತಿಸುತ್ತಿರುವುದು ಯಂತ್ರ ತಿದ್ದಿ ಕೊಟ್ಟ ಒಬ್ಬ ಮಾತುಗಾರನನ್ನು. ಎದುರಿಗೆ ಬಂದು ನಿಂತರೆ ಆ ಮಾತುಗಾರ ಸತ್ತುಹೋಗುತ್ತಾನೆ. ಈ ಸತ್ಯವನ್ನು ಕ್ಯಾಸೆಟ್ಟಿನಲ್ಲೇ ಹೇಳಿಬಿಡಬಹುದಿತ್ತು. ಹೇಳಲು ಹೊರಟು ಎಷ್ಟೋ ಸಲ ಪಾರಿವಾಳದ ಕಥೆ ಹೇಳಿ ಮುಗಿಸಿದ್ದ.

ಆಮೇಲೆ ಒಂದು ವಾರ, ನಗುವಿಲ್ಲದ ಕ್ಯಾಸೆಟ್ ಬಂತು.

“ಅಕ್ಕ ಒಂದು ಸಂಬಂಧ ನೋಡಿದಾಳೆ. ಹೆಂಡ್ತಿ ತೀರಿಕೊಂಡಿದಾರೆ, ಒಂದು ಪುಟ್ಟ ಹೆಣ್ಣುಮಗು ಇದೆ. ಒಳ್ಳೆ ಜನ. ಒಳ್ಳೆಯವರನ್ನ ಕಾಯಿಸೋದು ತಪ್ಪು ಅಂತಾಳೆ ಅಕ್ಕ. ನಾನು ಏನೂ ಹೇಳಿಲ್ಲ. ಹೇಳೋಕೆ ಮುಂಚೆ ನಿಮ್ಮನ್ನ ಒಂದ್ಸಲ ನೋಡ್ಬೇಕು. ಈ ಭಾನುವಾರ ನಿಮ್ಮೂರಿಗೆ ಬರ್ತೀನಿ. ಬಸ್ ಸ್ಟ್ಯಾಂಡ್ ಕ್ಯಾಂಟೀನಲ್ಲಿ ಕೂತಿರಿ. ಗುರುತು ಹೇಗೆ ಹಿಡೀಲಿ?”

ಕಂದು ಅಂಗಿ, ಎಂದಷ್ಟೇ ಬರೆದು ತಂತಿ ಕಳಿಸಿದ. ಶನಿವಾರವೆಲ್ಲ ತಾರಸಿಯ ಮೇಲೆ ನಿಂತು, ಹೇಳಬೇಕಾದದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ತನ್ನ ಉಗ್ಗು, ತನ್ನ ಸುಳ್ಳು, ಕೊನೆಗೆ ‘ಬಿಟ್ಟು ಹೋಗಬೇಡಿ’ ಎಂಬ ಆ ಒಂದು ಮಾತು. ಅವಳ ಮುಂದೆ ಬಟನ್ ಒತ್ತಿ ತಾನು ತಲೆ ತಗ್ಗಿಸಿ ಕೂರುವುದು, ಆಮೇಲೆ ಅವಳಿಗೆ ಬಿಟ್ಟದ್ದು.

ಅವಳು ಬಂದಳು. ಕನ್ನಡಕ, ಬೆರಳ ತುದಿಗೆ ಟೈಪ್ ರಿಬ್ಬನ್ನಿನ ಮಸಿ, ಓಡಿ ಬಂದಂತೆ ಏದುಸಿರು. ಕಂದು ಅಂಗಿಯನ್ನು ಕಂಡು ನಿಂತಳು, ಕಣ್ಣಿನಿಂದ ಅವನ ಮುಖವನ್ನೆಲ್ಲ ಒಂದು ಸುತ್ತು ಹಾಕಿ ಬಂದಳು. ಆಮೇಲೆ ನಕ್ಕಳು. ಆ ನಗು ಅರ್ಧಕ್ಕೆ ನಿಂತು ಮತ್ತೆ ಶುರುವಾಯಿತು, ಅವನಿಗೆ ಗೊತ್ತಿದ್ದ ಹಾಗೆಯೇ.

“ಏನ್ರೀ ಮಾತಿನ ಮಲ್ಲ, ಬಾಯಿ ಬಿಟ್ರೆ ಮುತ್ತು ಉದುರುತ್ತೇನು?”

ಅವನು ನಕ್ಕು, ಜೇಬಿನಿಂದ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟ. ಬೆರಳು ಬಟನ್ನಿಗೆ ಹೋಗುವಷ್ಟರಲ್ಲಿ ಅವಳ ಕೈ ಅದರ ಮೇಲೆ ಬಂದು ಕೂತಿತು. ಅವಳ ಕಿರುಬೆರಳು ಅವನ ಬೆರಳಿಗೆ ತಗುಲಿತ್ತು, ಇಬ್ಬರೂ ತೆಗೆಯಲಿಲ್ಲ.

“ಇವತ್ತು ಇದು ಬೇಡ. ನಾನಿಷ್ಟು ದೂರ ಬಂದಿದ್ದು ಮತ್ತೆ ಮಷಿನ್ ಮಾತು ಕೇಳೋಕಾ?” ಎಂದು ಅವಳೇ ಮುಚ್ಚಳ ಸರಿಸಿ ಸೆಲ್ಲುಗಳನ್ನು ತೆಗೆದು, ಅವನ ಅಂಗಿಯ ಜೇಬಿಗೆ ಹಾಕಿದಳು. “ಈಗ ಹೇಳಿ. ನಿಮ್ಮ ಮನಸ್ಸಲ್ಲಿ ಏನಿದೆ? ಅದೊಂದು ಕೇಳ್ಕೊಂಡು ಹೋಗಿ ಅಕ್ಕನಿಗೆ ಉತ್ತರ ಹೇಳ್ತೀನಿ.”

ಬಿಟ್ಟು ಹೋಗಬೇಡಿ. ಅಷ್ಟೇ ಹೇಳಬೇಕಿತ್ತು. ತುಟಿಗಳು ‘ಬ’ ಕಾರಕ್ಕೆಂದು ಕೂಡಿಕೊಂಡವು, ಕೂಡಿಕೊಂಡೇ ಉಳಿದವು. ಹಿಂದಿನಿಂದ ಉಸಿರು ನೂಕುತ್ತಿತ್ತು. ಕಣ್ಣು ಅವಳನ್ನು ಬಿಟ್ಟು ಗೋಡೆಯ ಬಸ್ಸಿನ ಪಟ್ಟಿಯ ಕಡೆ ಓಡಿತು.

ಅವಳು ಕಾದಳು. ಕಾಯುತ್ತಾ ಅವಳು ಕಂಡದ್ದು, ತುಟಿ ಬಿಗಿಹಿಡಿದು ಮುಖ ತಿರುಗಿಸಿ ಕೂತ ಗಂಡಸನ್ನು. ವಾರವಾರವೂ ಹೊಳೆಯಂತೆ ಮಾತಾಡಿದವನು ಈಗ ತುಟಿಪಿಟಕ್ಕೆನ್ನುತ್ತಿಲ್ಲ. ಅವಳ ನಗು ಆರತೊಡಗಿತು.

“ಹೇಳೋಕೆ ಕಷ್ಟ ಆಗ್ತಿದೆಯಾ?”

ಹೌದು ಎಂದು ತಲೆಯಾಡಿಸಿದ. ಅದು ನಿಜವೇ ಆಗಿತ್ತು.

“ನನಗೆ ನೋವಾಗುತ್ತೆ ಅಂತಾನಾ?”

ಮಾತನ್ನು ನೂಕುವ ರಭಸಕ್ಕೆ ಅವನ ಕತ್ತು ಒಮ್ಮೆ ಜರ್ಕ್ ಹೊಡೆಯಿತು. ಅವಳಿಗೆ ಅದೂ ಹೌದು ಎಂದಂತೆಯೇ ಕಂಡಿತು.

“ಪರ್ವಾಗಿಲ್ಲ, ನಾನೇ ಹೇಳ್ಬಿಡ್ತೀನಿ.” ಅವಳ ಧ್ವನಿ ಈಗ ತುಂಬಾ ಮೆತ್ತಗಿತ್ತು. ಅವನನ್ನು ಸಂಕಟದಿಂದ ಪಾರು ಮಾಡುವುದೊಂದೇ ಅವಳಿಗೆ ಬೇಕಿದ್ದ ಹಾಗಿತ್ತು. “ಕ್ಯಾಸೆಟ್ಟಲ್ಲಿ ಮಾತಾಡೋದು ಬೇರೆ, ಜೀವನ ಬೇರೆ. ಒಳ್ಳೆ ಸ್ನೇಹಿತರಾಗಿ ಇದ್ವಿ, ಹಾಗೇ ಇರೋಣ. ಇಷ್ಟೇ ತಾನೆ?”

ಅವನು ತಲೆಯಾಡಿಸಿದ.

ಜನ್ಮಾಂತರದ ಅಭ್ಯಾಸ ಅದು, ಅವನನ್ನು ಕೇಳದೆ ಆಡಿತು. ಆಡಿದ ಕೂಡಲೇ ಗಂಟಲು ಸಡಿಲವಾಯಿತು, ತುಟಿ ಬಿಟ್ಟಿತು, ಎಂದಿನ ಹಾಯೆನ್ನುವ ಭಾವ ಎದೆಗಿಳಿಯಿತು. ಅದರ ಹಿಂದೆಯೇ ತಾನು ಏನು ಮಾಡಿದೆನೆಂದು ತಿಳಿಯಿತು.

“ಇಲ್ಲ,” ಎಂದ. ಅವಳು ಆಗಲೇ ಎದ್ದು ಬ್ಯಾಗು ಹೆಗಲಿಗೇರಿಸಿದ್ದಳು. ಪಕ್ಕದಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು, ಆ ಮಾತು ಅವಳಿಗೆ ಕೇಳಿಸಲಿಲ್ಲ. “ಬೇಜಾರು ಮಾಡ್ಕೋಬೇಡಿ. ಹೆಡ್ ಒರೆಸೋದು ಮಾತ್ರ ಮರೀಬೇಡಿ,” ಎಂದು ಮುಖ ತಿರುಗಿಸಿ ಹೊರಟಳು. ಹಿಂದೆಯೇ ಓಡಿದ. ಬಸ್ಸಿನ ಕಿಟಕಿಯ ಕೆಳಗೆ ನಿಂತು ಬಾಯಿ ತೆರೆದ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು, ಅವನನ್ನು ನೋಡಲಿಲ್ಲ.

ಅದರ ಮುಂದಿನ ಕ್ಯಾಸೆಟ್ಟುಗಳು ಮಾತಿಲ್ಲದೆ ಬಂದವು. ರಿಪೋರ್ಟ್ ಟೈಪ್ ಆಗುತ್ತಿತ್ತು, ಕೊನೆಯಲ್ಲಿ ಬರೀ ಸುಯ್ಯೆನ್ನುವ ಸದ್ದು. ಅವನೂ ತನ್ನ ಕಡೆಯಿಂದ ಏನೂ ಸೇರಿಸಲಿಲ್ಲ. ಆ ಯಂತ್ರದ ಬಾಯಲ್ಲಿ ಇನ್ನು ಒಂದು ಮಾತನ್ನೂ ಹೇಳಿಸಬಾರದು ಎನಿಸಿತ್ತು. ಅನ್ನ ಮುಟ್ಟದೆ ಎದ್ದ ಒಂದು ದಿನ ಅತ್ತಿಗೆ ಹಿಡಿದು ಕೂರಿಸಿದಳು.

“ಏನಾಯ್ತೋ? ಆ ಹುಡುಗಿ ಬೇಡ ಅಂದ್ಲಾ?”

ಇವನು ಕೈಯೆತ್ತಿ ತಡೆದ. ಅತ್ತಿಗೆಯ ಮಾತನ್ನು ಅವನು ಹಾಗೆ ತಡೆದದ್ದು ಅದೇ ಮೊದಲು. ಆಮೇಲೆ ಸಾರು ಆರಿ ಹೋಗುವವರೆಗೂ ಹೆಣಗಿ, ಒಂದೊಂದೇ ಮಾತಾಗಿ, ತಲೆಯಾಡಿಸಿದ ಕಥೆಯನ್ನೆಲ್ಲ ತಾನೇ ಹೇಳಿ ಮುಗಿಸಿದ.

ಅತ್ತಿಗೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. “ನಾವೆಲ್ಲ ಸೇರಿ ನಿನ್ನ ಬಾಯಿ ಕಟ್ಟಿಹಾಕಿದೀವಲ್ಲೋ ತಮ್ಮಾ. ಹೋಗು, ಫೋನ್ ಮಾಡು. ಕಷ್ಟಾನೋ ಸುಖಾನೋ, ನಿನ್ನ ಬಾಯಿಂದಾನೇ ಕೇಳ್ಲಿ.”

ಮರುದಿನ ಮಧ್ಯಾಹ್ನ ಫೋನು ಎತ್ತಿಕೊಂಡು ಅವಳ ಆಫೀಸಿನ ನಂಬರು ತಿರುಗಿಸಿದ. ಆ ಕಡೆ ಟೈಪ್ ಮಷಿನ್ನಿನ ಸದ್ದು ನಿಂತಿತು.

“ಹಲೋ? ಯಾರು? ಹಲೋ?”

ತುಟಿಗಳು ಕೂಡಿಕೊಂಡವು. ಇಡುತ್ತಾಳೆ, ಈಗ ಇಡುತ್ತಾಳೆ ಎಂದುಕೊಂಡ. ಮೂಗಿನಲ್ಲಿ ಉಸಿರು ಏರಿಳಿಯುತ್ತಿತ್ತು. ಆ ಉಸಿರನ್ನು ಹೆಡ್‌ಫೋನಿನಲ್ಲಿ ಕೇಳಿ ಕೇಳಿ ಪಳಗಿದ ಕಿವಿ ಅವಳದು.

“ನೀವಾ?” ಎಂದಳು ಮೆಲ್ಲಗೆ.

“ಬಿಟ್ಟು…” ಎಂದ. ನಿಂತ. ಮತ್ತೆ ಹೊರಟ. “ಹೋಗಬೇಡಿ… ಅಂತ… ಅವತ್ತು… ನನಗೆ… ಮಾತು… ಸಿಕ್ಕೊಳ್ಳುತ್ತೆ.”

ಅವಳು ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

“ಕ್ಯಾಸೆಟ್ಟಲ್ಲಿ ಇರ್ಲಿಲ್ವಲ್ಲ?”

“ಮಷಿನ್… ನಿಂತುಬಿಡುತ್ತೆ. ನಾನು… ನಿಂತ್ರೆ.”

ಅವಳಿಂದ ಒಂದು ಸಣ್ಣ ಸದ್ದು ಬಂತು. ಆ ಯಂತ್ರದ ತಿರುಪು ತಿರುಪೂ ಬಲ್ಲವಳು. ಅದು ಏನೇನು ಬಿಟ್ಟುಬಿಡುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? “ಅವತ್ತು ನೀವು ಹೇಳ್ತಾ ಇದ್ರಿ. ನಾನೇ ನಿಮ್ಮ ಬಾಯಿಗೆ ನನ್ನ ಮಾತು ತುರುಕಿ ಎದ್ದು ಬಂದೆ.”

“ನಾನೂ… ತಲೆ ಆಡಿಸಿದೆ.”

ಇಬ್ಬರೂ ಅಳುತ್ತಿದ್ದರು, ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

“ನಿಶ್ಚಯ ಆಗೋಯ್ತು ಕಣ್ರೀ,” ಎಂದಳು ಕೊನೆಗೆ. “ಮೊನ್ನೆ. ಆ ಮಗು ನನ್ನ ಬೆರಳು ಹಿಡ್ಕೊಂಡೇ ನಿದ್ದೆ ಹೋಯ್ತು. ಎದ್ದ ಮೇಲೆ, ಇವರೂ ಹೋಗಿಬಿಡ್ತಾರಾ ಅಂತ ಅಪ್ಪನ್ನ ಕೇಳ್ತು. ಇಲ್ಲಮ್ಮ, ಹೋಗಲ್ಲ ಅಂತ ಮಾತು ಕೊಟ್ಟಿದೀನಿ. ಆ ಮಾತನ್ನ ನಾನು ಹಿಂದಕ್ಕೆ ತಗೊಳ್ಲಾರೆ.”

ಅವನು ಅದನ್ನು ಕೇಳಿಸಿಕೊಂಡ. ಅವಳು ಅವನ ಅಪ್ಪಣೆ ಕೇಳುತ್ತಿರಲಿಲ್ಲ. ಕೇಳಿದ್ದರೂ ಬೇಡ ಎನ್ನುವ ಜಾತಿಯವನಲ್ಲ ಅವನು. ಅವನು ಪ್ರೀತಿಸಿದ್ದೇ ಇಂಥವಳನ್ನು.

“ಒಂದು ಕೇಳ್ಲಾ?” ಎಂದಳು. “ಅವತ್ತು ಕ್ಯಾಂಟೀನಲ್ಲಿ ಹೇಳ್ಬೇಕು ಅಂತಿದ್ರಲ್ಲ, ಅದನ್ನ ಪೂರ್ತಿ ಹೇಳಿ. ಎಷ್ಟು ಹೊತ್ತಾದ್ರೂ ಆಗ್ಲಿ. ನಾನು ನಡುವೆ ಬಾಯಿ ಹಾಕಲ್ಲ.”

ಅವನು ಹೇಳಿದ. ಕಂದು ಅಂಗಿಯಿಂದ ಶುರು ಮಾಡಿ, ಲಿಫ್ಟಿನ ಕತ್ತಲಲ್ಲಿ ಅವಳ ಧ್ವನಿ ಕೇಳಿ ಕೆಂಪಾದದ್ದು, ಫೋನಿನ ಸುಳ್ಳು, ಪ್ರೀತಿ, ಎಲ್ಲವನ್ನೂ. ಮಾತಿಗಿಂತ ತಡೆದು ನಿಂತದ್ದೇ ಹೆಚ್ಚು. ಎಷ್ಟೋ ಕಡೆ ಮುಂದಿನ ಮಾತು ಯಾವುದೆಂದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಆದರೂ ಅವಳು ಒಂದಕ್ಷರವನ್ನೂ ಎತ್ತಿಕೊಡಲಿಲ್ಲ. ಯಾರೋ ಫೈಲು ಕೇಳಲು ಬಂದರು, ಆಮೇಲೆ ಬರಲು ಹೇಳಿ ಕಳಿಸಿದಳು.

ಎಲ್ಲ ಮುಗಿದ ಮೇಲೆ, “ಪೂರ್ತಿ ಕೇಳಿಸ್ತು,” ಎಂದಳು. ಫೋನನ್ನು ಮೊದಲು ಇಟ್ಟವನು ಅವನೇ. ಅವಳಿಗೆ ಕೆಲಸವಿತ್ತು.